ಕರೆಂಟ್ ಮುಗಿದ ಮೇಲಿನ ಎರಡು ವಾರ

ಸ್ತನ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಪಡೆದವರ ಚರ್ಮ ಅತಿ ಹೆಚ್ಚು ಕೆಡುವುದು ಚಿಕಿತ್ಸೆ ನಡೆಯುತ್ತಿರುವಾಗ ಅಲ್ಲ, ಮುಗಿದ ಮೇಲೆ. ಕೊನೆಯ ದಿನ ಕಳೆದು ಒಂದರಿಂದ ಎರಡು ವಾರದೊಳಗೆ ಉರಿ, ಸುಲಿತ, ನೋವು ತುತ್ತತುದಿಗೆ ಹೋಗುತ್ತವೆ. ಅಷ್ಟು ಹೊತ್ತಿಗೆ ಹೆಂಗಸರು ಆಸ್ಪತ್ರೆಯ ಹತ್ತಿರದ ಬಾಡಿಗೆ ರೂಮನ್ನೋ ಧರ್ಮಶಾಲೆಯನ್ನೋ ಖಾಲಿ ಮಾಡಿ ಊರಿಗೆ ಹೋಗಿರುತ್ತಾರೆ. ದಿನಾ ನೋಡುತ್ತಿದ್ದ ನರ್ಸ್ ಇಲ್ಲ, ಕೇಳೋಣವೆಂದರೆ ಡಾಕ್ಟರೂ ಇಲ್ಲ. ‘ಕರೆಂಟ್ ಕೊಟ್ಟಿದ್ದು ಮುಗಿದು ವಾರವಾಯಿತು, ಈಗ ಯಾಕೆ ಸುಲಿಯುತ್ತಿದೆ? ಏನೋ ಕೆಟ್ಟಿದೆ’ ಎಂದು ಮನೆಯವರೆಲ್ಲ ಗಾಬರಿಯಾಗುತ್ತಾರೆ. ಆ ಗಾಬರಿಯಲ್ಲೇ ಬೆಣ್ಣೆ, ಸುಣ್ಣ, ಅರಿಶಿನ, ಟೂತ್‌ಪೇಸ್ಟ್ ಒಂದೊಂದಾಗಿ ಎದೆಯ ಮೇಲೆ ಬಂದು ಕೂರುತ್ತವೆ.

ನಮ್ಮ ಕಡೆ ಈ ಚಿಕಿತ್ಸೆಗೆ ‘ಕರೆಂಟ್ ಕೊಡಿಸುವುದು’ ಎನ್ನುತ್ತಾರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಸಾಲಿನಲ್ಲಿ ನಿಂತವರ ಬಾಯಲ್ಲೂ ಹುಬ್ಬಳ್ಳಿಯ ನವನಗರದ ಆಸ್ಪತ್ರೆಯ ಜಗುಲಿಯಲ್ಲಿ ಕೂತವರ ಬಾಯಲ್ಲೂ ಅದೇ ಮಾತು. ಯಂತ್ರದಿಂದ ಬರುವುದು ಮನೆಯ ತಂತಿಯಲ್ಲಿ ಹರಿಯುವ ವಿದ್ಯುತ್ತಲ್ಲ, ಹೆಚ್ಚು ಶಕ್ತಿಯ ಎಕ್ಸ್-ರೇ. ಅದು ಮುಟ್ಟಿದಾಗ ಬಿಸಿಯಾಗುವುದಿಲ್ಲ, ನೋವಾಗುವುದಿಲ್ಲ. ಒಂದೆರಡು ನಿಮಿಷ ಕೈ ಮೇಲೆತ್ತಿ ಮಲಗಿದರೆ ಆಯಿತು. ಆದ್ದರಿಂದ ಚರ್ಮ ‘ಸುಟ್ಟಿತು’ ಎಂದರೂ ಅದು ಬೆಂಕಿ ಅಥವಾ ಬಿಸಿ ಎಣ್ಣೆ ತಗುಲಿದ ಸುಟ್ಟಗಾಯ ಅಲ್ಲ. ಅದಾಗುವ ಬಗೆಯೇ ಬೇರೆ, ಆರೈಕೆಯೂ ಬೇರೆ.

ಚರ್ಮದೊಳಗೆ ಆಗುವುದೇನು

ನಮ್ಮ ಚರ್ಮದ ಮೇಲ್ಪದರದ ತಳದಲ್ಲಿ ಒಂದು ಸಾಲು ಜೀವಕೋಶಗಳಿವೆ. ಅವು ಸದಾ ಒಡೆದು ಎರಡಾಗುತ್ತ ಹೊಸ ಕೋಶಗಳನ್ನು ಮೇಲಕ್ಕೆ ದೂಡುತ್ತವೆ. ಮೇಲೆ ಬಂದವು ಒಣಗಿ, ಗಟ್ಟಿಯಾಗಿ, ಕೊನೆಗೆ ಮೈ ಉಜ್ಜುವಾಗ ಕೊಳೆಯ ಜೊತೆ ಉದುರಿ ಹೋಗುತ್ತವೆ. ಈ ಪ್ರಯಾಣಕ್ಕೆ ಸುಮಾರು ನಾಲ್ಕು ವಾರ ಬೇಕು. ವಿಕಿರಣ ಹೊಡೆಯುವುದು ತಳದ ಸಾಲಿಗೆ. ವೇಗವಾಗಿ ಒಡೆಯುವ ಕೋಶಗಳೇ ಅದರ ಗುರಿ. ಕ್ಯಾನ್ಸರ್ ಕೋಶ ಅಂಥದ್ದು, ಚರ್ಮದ ತಳದ ಕೋಶವೂ ಅಂಥದ್ದೇ. ಗದ್ದೆಯಲ್ಲಿ ನಿಂತ ಪೈರು ಹಸಿರಾಗಿಯೇ ಇದ್ದು, ಸಸಿಮಡಿ ಮಾತ್ರ ಹಾಳಾದ ಹಾಗೆ. ನಷ್ಟ ಗೊತ್ತಾಗುವುದು ಮುಂದಿನ ನಾಟಿಯ ಹೊತ್ತಿಗೆ.

ಮೊದಲ ವಾರ ಏನೂ ಕಾಣದಿರುವುದು ಇದರಿಂದಲೇ. ಎರಡನೇ ಅಥವಾ ಮೂರನೇ ವಾರದಲ್ಲಿ ಚರ್ಮ ಬೆಚ್ಚಗಾಗಿ, ಬಿಗಿದಂತೆ ಆಗಿ, ಬಣ್ಣ ತಿರುಗುತ್ತದೆ. ಆಮೇಲೆ ನವೆ, ಒಣ ಹೊಟ್ಟು. ಕೆಳಗಿನಿಂದ ಬರಬೇಕಾದ ಕೋಶಗಳು ಬಾರದೆ, ಮೇಲಿನವು ಮಾತ್ರ ಉದುರುತ್ತ ಹೋದರೆ ಒಂದು ದಿನ ಅಲ್ಲಿ ಹೊದಿಕೆಯೇ ಇಲ್ಲದ ತೇವದ ಕೆಂಪು ಮೈ ಉಳಿಯುತ್ತದೆ. ಚಿಕಿತ್ಸೆ ನಿಲ್ಲಿಸಿದ ದಿನವೇ ಈ ಕೊರತೆ ತುಂಬುವುದಿಲ್ಲ. ಕೊನೆಯ ಡೋಸಿನ ಫಲ ಮೇಲಕ್ಕೆ ಬಂದು ಕಾಣಲು ಇನ್ನೂ ವಾರ, ಹತ್ತು ದಿನ ಬೇಕು. ಬದುಕಿ ಉಳಿದ ತಳದ ಕೋಶಗಳು ಆಮೇಲೆ ಮತ್ತೆ ತುಂಬಿಕೊಳ್ಳುತ್ತವೆ. ಬಹುಪಾಲು ಮಂದಿಗೆ ಕೊನೆಯ ದಿನದಿಂದ ನಾಲ್ಕರಿಂದ ಆರು ವಾರದೊಳಗೆ ಚರ್ಮ ಮುಚ್ಚಿರುತ್ತದೆ.

ಎಕ್ಸ್-ರೇ ಕಂಡುಹಿಡಿದ ಹೊಸದರಲ್ಲಿ ಡೋಸು ಅಳೆಯಲು ಸರಿಯಾದ ಮಾನವೇ ಇರಲಿಲ್ಲ. ಚರ್ಮ ಕೆಂಪಾಗುವಷ್ಟು ಕೊಟ್ಟರೆ ಅದೇ ಒಂದು ಅಳತೆ ಎಂದು ಆಗಿನ ವೈದ್ಯರು ಲೆಕ್ಕ ಹಾಕುತ್ತಿದ್ದರು. ಇವತ್ತಿನ ಯಂತ್ರಗಳು ಆ ಕಾಲದಿಂದ ಬಹಳ ದೂರ ಬಂದಿವೆ. ಈಗ ಹೆಚ್ಚಾಗಿ ಬಳಸುವ ಲೀನಿಯರ್ ಆಕ್ಸಿಲರೇಟರ್‌ನ 6 ಮೆಗಾವೋಲ್ಟ್ ಕಿರಣ ತನ್ನ ಪೂರ್ತಿ ಬಲ ತೋರಿಸುವುದು ಚರ್ಮದಿಂದ ಸುಮಾರು ಒಂದೂವರೆ ಸೆಂಟಿಮೀಟರ್ ಒಳಗೆ. ಮೇಲ್ಮೈಗೆ ಬೀಳುವುದು ಕಡಿಮೆ. ಹಳೆಯ ಕೋಬಾಲ್ಟ್ ಯಂತ್ರದಲ್ಲಿ ಆ ಆಳ ಅರ್ಧ ಸೆಂಟಿಮೀಟರ್ ಮಾತ್ರ, ಹಾಗಾಗಿ ಚರ್ಮಕ್ಕೆ ಪೆಟ್ಟು ಹೆಚ್ಚು.

ಇಷ್ಟಿದ್ದೂ ಚರ್ಮ ಕೆಡುವುದು ಯಾಕೆ? ಸ್ತನದ ಕೆಳಗಿನ ಮಡಿಕೆ, ಕಂಕುಳು, ಕತ್ತಿನ ಬುಡ ಇಲ್ಲೆಲ್ಲ ಚರ್ಮಕ್ಕೆ ಚರ್ಮ ತಾಗಿರುತ್ತದೆ. ಕಿರಣಕ್ಕೆ ಒಂದು ಮಡಿಕೆ ಇನ್ನೊಂದರ ಮೇಲಿನ ದಪ್ಪ ಹೊದಿಕೆಯಾಗುತ್ತದೆ, ಮೇಲ್ಮೈ ತಪ್ಪಿಸಿಕೊಳ್ಳುವ ಅನುಕೂಲ ಅಲ್ಲಿ ಇಲ್ಲವಾಗುತ್ತದೆ. ಮೇಲೆ ಬೆವರು, ಉಜ್ಜಾಟ. ಎದೆ ದೊಡ್ಡದಿದ್ದವರಿಗೆ, ಮೈ ತೂಕ ಹೆಚ್ಚಿರುವವರಿಗೆ, ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದವರಿಗೆ, ಸಿಗರೇಟು ಸೇದುವವರಿಗೆ ತೊಂದರೆ ಹೆಚ್ಚು. ಗಡ್ಡೆಯಿದ್ದ ಜಾಗಕ್ಕೆ ಕೊನೆಯಲ್ಲಿ ಹೆಚ್ಚುವರಿ ಡೋಸು ಕೊಟ್ಟಿದ್ದರೆ ಅಷ್ಟು ಜಾಗ ಇನ್ನೂ ಹೆಚ್ಚು ನಲುಗುತ್ತದೆ. ಸ್ತನವನ್ನು ಪೂರ್ತಿ ತೆಗೆಸಿಕೊಂಡವರಲ್ಲಿ ಕೆಲವರಿಗೆ ಎದೆಯ ಮೇಲೆ ಜೆಲ್ಲಿಯಂಥ ಒಂದು ಹಾಳೆ ಹಾಸಿ ಕಿರಣ ಕೊಡುತ್ತಾರೆ. ಅದಕ್ಕೆ ಬೋಲಸ್ ಎನ್ನುತ್ತಾರೆ. ಚರ್ಮಕ್ಕೇ ಪೂರ್ತಿ ಡೋಸು ತಲುಪಲಿ ಎಂದು ಬೇಕೆಂದೇ ಮಾಡುವ ಕ್ರಮ ಅದು. ಅಂಥವರ ಚರ್ಮ ಸುಲಿಯುವುದು ಹೆಚ್ಚು ಕಮ್ಮಿ ನಿರೀಕ್ಷಿತವೇ.

ಚಿಕಿತ್ಸೆ ಚಿಕ್ಕದಾಯಿತು, ಕಾಯುವಿಕೆ ಮನೆಗೆ ಬಂತು

ಹಿಂದೆ ಹೆಚ್ಚಿನವರಿಗೆ ವಾರಕ್ಕೆ ಐದು ದಿನದಂತೆ ಐದು ವಾರ, 25 ಸಲ, ಒಟ್ಟು 50 ಗ್ರೇ (ವಿಕಿರಣದ ಡೋಸು ಅಳೆಯುವ ಮಾನ). ಬ್ರಿಟನ್ನಿನ ದೊಡ್ಡ ಅಧ್ಯಯನಗಳ ನಂತರ ಮೂರು ವಾರದಲ್ಲಿ 15 ಸಲ, 40 ಗ್ರೇ ಎಂಬ ಕ್ರಮ ಹರಡಿತು. 2020ರಲ್ಲಿ ಅಲ್ಲಿಂದಲೇ ಬಂದ ಇನ್ನೊಂದು ಫಲಿತಾಂಶ, ಆಯ್ದ ರೋಗಿಗಳಿಗೆ ಒಂದೇ ವಾರದಲ್ಲಿ ಐದು ಸಲ 26 ಗ್ರೇ ಕೊಟ್ಟರೂ ಸಾಕು ಎಂದು ತೋರಿಸಿತು. ಊರಿಂದ ಬಂದು ಉಳಿಯಬೇಕಾದವರಿಗೆ ಇದು ದೊಡ್ಡ ಉಪಕಾರ. ಚರ್ಮಕ್ಕೂ ಒಳ್ಳೆಯದೇ. ಒಟ್ಟು ಡೋಸು ಕಡಿಮೆಯಾದ್ದರಿಂದ ತೀವ್ರವಾಗಿ ಸುಲಿಯುವವರ ಪ್ರಮಾಣ ಹಳೆಯ ಐದು ವಾರದ ಕ್ರಮಕ್ಕಿಂತ ಇಳಿದಿದೆ.

ಆದರೆ ಇದಕ್ಕೊಂದು ಬೆಲೆಯಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಐದು ವಾರದ ಕ್ರಮದಲ್ಲಿ ಚರ್ಮ ಕೆಡಲು ಶುರುವಾಗುವಾಗ ಹೆಂಗಸು ಇನ್ನೂ ಆಸ್ಪತ್ರೆಯ ಕಣ್ಣಳತೆಯಲ್ಲಿ ಇರುತ್ತಿದ್ದಳು. ಒಂದು ವಾರದ ಕ್ರಮದಲ್ಲಿ ಮೊದಲ ಲಕ್ಷಣ ಕಾಣುವಷ್ಟರಲ್ಲಿ ಚಿಕಿತ್ಸೆಯೇ ಮುಗಿದಿರುತ್ತದೆ. ‘ಏನೂ ಆಗಲಿಲ್ಲ, ಚರ್ಮ ಚೆನ್ನಾಗಿದೆ’ ಎಂದು ನಿಟ್ಟುಸಿರು ಬಿಟ್ಟು ಬಸ್ಸು ಹತ್ತಿದವರಿಗೆ ಹತ್ತು ಹನ್ನೆರಡು ದಿನದ ಮೇಲೆ ರಾತ್ರಿ ನಿದ್ದೆ ಹಾರುತ್ತದೆ. ಅದು ಚಿಕಿತ್ಸೆ ತಪ್ಪಾಗಿದ್ದರಿಂದ ಆದದ್ದಲ್ಲ. ಇಷ್ಟನ್ನು ಮೊದಲೇ ಹೇಳಿ ಕಳಿಸಿದ್ದರೆ ಅರ್ಧ ಸಂಕಟ ಕಡಿಮೆಯಾಗುತ್ತಿತ್ತು.

ನಮ್ಮ ಬಣ್ಣದ ಚರ್ಮದಲ್ಲಿ

ಪುಸ್ತಕಗಳಲ್ಲಿ, ಆಸ್ಪತ್ರೆಯ ಗೋಡೆಯ ಚಿತ್ರಗಳಲ್ಲಿ ‘ಚರ್ಮ ಕೆಂಪಾಗುತ್ತದೆ’ ಎಂದಿರುತ್ತದೆ. ಅದು ಬಿಳಿ ಚರ್ಮದ ಮಾತು. ಎಣ್ಣೆಗೆಂಪು, ಕಪ್ಪು ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ಕಾಣುವುದಿಲ್ಲ. ಮೊದಲು ಆ ಭಾಗ ಸ್ವಲ್ಪ ಬೂದು, ಆಮೇಲೆ ನೇರಳೆ ಬೆರೆತ ಕಪ್ಪು, ಕೊನೆಗೆ ಇದ್ದಿಲಿನ ಹಾಗೆ ಕಪ್ಪಿಡುತ್ತದೆ. ಎಷ್ಟೋ ಸಲ ವೈದ್ಯರೂ ‘ಬರೀ ಬಣ್ಣ ತಿರುಗಿದೆ’ ಎಂದು ದಾಟಿ ಹೋಗುವುದುಂಟು. ಹಾಗಾಗಿ ಕಣ್ಣಿಗಿಂತ ಕೈಗೆ ಕೆಲಸ ಕೊಡಿ. ಕೈ ಬೆರಳ ಹಿಂಬದಿಯಿಂದ ಎರಡೂ ಬದಿಯ ಎದೆ ಮುಟ್ಟಿ ನೋಡಿ. ಒಂದು ಬದಿ ಬಿಸಿಯಾಗಿದೆಯೇ, ಚರ್ಮ ಹಿಗ್ಗದೆ ಬಿಗಿದಿದೆಯೇ, ಬಟ್ಟೆ ತಾಗಿದರೆ ಉರಿಯುತ್ತದೆಯೇ? ಸ್ತನ ಎತ್ತಿ ಕೆಳಗಿನ ಮಡಿಕೆಯನ್ನು ಕನ್ನಡಿಯಲ್ಲೋ ಮೊಬೈಲಿನಲ್ಲಿ ಫೋಟೊ ತೆಗೆದೋ ದಿನಕ್ಕೊಮ್ಮೆ ನೋಡಿಕೊಳ್ಳಿ. ಮೊದಲು ಒಡೆಯುವುದು ಅಲ್ಲೇ, ಕಣ್ಣಿಗೆ ಬೀಳದ ಜಾಗವೂ ಅದೇ.

ಕಪ್ಪು ಸಿಪ್ಪೆ ಸುಲಿದು ಅಡಿಯಲ್ಲಿ ತಿಳಿ ಗುಲಾಬಿ ಚರ್ಮ ಕಂಡರೆ ಕೆಲವರು ತೊನ್ನು ಬಂತೆಂದು ಅಳುತ್ತಾರೆ. ಅದು ಹೊಸ ಚರ್ಮ. ಬಣ್ಣ ತಿಂಗಳುಗಳಲ್ಲಿ ಮರಳಿ ತುಂಬುತ್ತದೆ, ಅಪರೂಪಕ್ಕೆ ಪೂರ್ತಿ ತುಂಬುವುದಿಲ್ಲ.

ಸ್ನಾನ ಮಾಡಿ

ಇದನ್ನು ತಲೆಬರಹ ಮಾಡಬೇಕಾಗಿ ಬಂದದ್ದೇ ಒಂದು ಕಥೆ. ಕಿರಣ ಎಲ್ಲಿ ಬೀಳಬೇಕೆಂದು ಎದೆಯ ಮೇಲೆ ಶಾಯಿಯಲ್ಲಿ ಗೆರೆ ಹಾಕಿರುತ್ತಾರೆ. ‘ಗೆರೆ ಅಳಿಸಬೇಡಿ’ ಎಂದು ಹೇಳಿದ್ದು ರೋಗಿಯ ಕಿವಿಗೆ ‘ನೀರು ಮುಟ್ಟಿಸಬೇಡಿ’ ಎಂದು ಬೀಳುತ್ತದೆ. ಮೂರು ವಾರ, ಐದು ವಾರ ಆ ಭಾಗಕ್ಕೆ ನೀರು ಸೋಕಿಸದೆ ಬೆವರಿನಲ್ಲೇ ಇರುವವರಿದ್ದಾರೆ. ಹಿಂದೆ ಆಸ್ಪತ್ರೆಗಳೇ ತೊಳೆಯಬೇಡಿ ಎನ್ನುತ್ತಿದ್ದವು ಎಂಬುದೂ ನಿಜ. ಆದರೆ 2001ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ ತೊಳೆಯದ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಶೇ. 33 ಮಂದಿಯ ಚರ್ಮ ತೇವವಾಗಿ ಸುಲಿದರೆ, ಸೋಪು ನೀರಿನಲ್ಲಿ ತೊಳೆದವರಲ್ಲಿ ಶೇ. 14 ಮಂದಿಗೆ ಮಾತ್ರ ಹಾಗಾಯಿತು.

ಉಗುರುಬೆಚ್ಚಗಿನ ನೀರು, ಘಮ್ಮೆನ್ನದ ಸೌಮ್ಯ ಸೋಪು. ಸೋಪನ್ನು ಎದೆಗೆ ತಿಕ್ಕದೆ ಅಂಗೈಯಲ್ಲಿ ನೊರೆ ಮಾಡಿ ಸವರಿ. ಚೊಂಬಿನಿಂದ ನೇರ ಎದೆಯ ಮೇಲೆ ರಭಸವಾಗಿ ಸುರಿಯದೆ ಭುಜದ ಮೇಲಿಂದ ಹರಿಸಿ. ನಾರು, ಸ್ಕ್ರಬ್ಬರ್, ಸೀಗೆಪುಡಿ, ಕಡಲೆಹಿಟ್ಟು ಆ ಭಾಗಕ್ಕೆ ಬೇಡ. ಹಬ್ಬದ ಎಣ್ಣೆ ಸ್ನಾನದ ಸುಡುನೀರಂತೂ ಬೇಡವೇ ಬೇಡ. ಒರೆಸಬೇಡಿ, ಮೆತ್ತನೆ ಪಂಚೆಯ ತುಂಡಿನಿಂದ ಒತ್ತಿ ಒಣಗಿಸಿ. ಮಡಿಕೆಯೊಳಗೆ ತೇವ ಉಳಿಯಬಾರದು. ಅಲ್ಲಿಗೆ ಪುಸ್ತಕದಿಂದಲೋ ಬೀಸಣಿಗೆಯಿಂದಲೋ ಗಾಳಿ ಹಾಕಿಕೊಂಡರೂ ಆದೀತು. ಹೇರ್ ಡ್ರೈಯರ್‌ನ ಬಿಸಿಗಾಳಿ ಬೇಡ. ಶಾಯಿ ಗೆರೆ ಮಾಸಿದರೆ ನೀವೇ ಪೆನ್ನು ಹಿಡಿದು ತಿದ್ದಬೇಡಿ, ಮರುದಿನ ಟೆಕ್ನೀಷಿಯನ್‌ಗೆ ಹೇಳಿ. ಹಚ್ಚೆಯ ಚುಕ್ಕೆ ಹಾಕಿದ್ದರೆ ಈ ಚಿಂತೆಯೇ ಇಲ್ಲ.

ಡಿಯೋಡರೆಂಟ್ ಬಗ್ಗೆ ಇದ್ದ ಭಯವೂ ಅಧ್ಯಯನಗಳಲ್ಲಿ ನಿಲ್ಲಲಿಲ್ಲ. ಚರ್ಮ ಒಡೆಯದಿದ್ದರೆ ಹಾಕಿಕೊಳ್ಳಬಹುದು. ಪೌಡರ್ ಬೇಡ, ಬೆವರಿನೊಡನೆ ಸೇರಿ ಮಡಿಕೆಯಲ್ಲಿ ಉಂಡೆಗಟ್ಟುತ್ತದೆ. ಕಂಕುಳಿನ ಕೂದಲಿಗೆ ಬ್ಲೇಡಾಗಲಿ ಕೂದಲು ತೆಗೆಯುವ ಕ್ರೀಮಾಗಲಿ ಆ ದಿನಗಳಲ್ಲಿ ಬೇಡ.

ಹಚ್ಚುವುದೇನು, ಹಚ್ಚಬಾರದ್ದೇನು

ಚಿಕಿತ್ಸೆಯ ಮೊದಲ ದಿನದಿಂದಲೇ ಪರಿಮಳವಿಲ್ಲದ ಸಾದಾ ಮಾಯಿಶ್ಚರೈಸರ್ ಕ್ರೀಮನ್ನು ದಿನಕ್ಕೆ ಎರಡು ಸಲ ತೆಳ್ಳಗೆ ಹಚ್ಚುವುದು ಒಳ್ಳೆಯ ರೂಢಿ. ದುಬಾರಿಯದೇ ಆಗಬೇಕೆಂದಿಲ್ಲ. ‘ಕಿರಣಕ್ಕೆ ಮೊದಲು ಕ್ರೀಮು ಹಚ್ಚಿದರೆ ಚರ್ಮ ಬೇಯುತ್ತದೆ’ ಎಂಬ ಎಚ್ಚರಿಕೆ ಇನ್ನೂ ಕೆಲವೆಡೆ ಕೇಳುತ್ತದೆ. 2018ರಲ್ಲಿ ಅಮೆರಿಕದ ಸಂಶೋಧಕರು ಅಳೆದು ನೋಡಿದಾಗ ತೆಳುವಾಗಿ ಹಚ್ಚಿದ ಕ್ರೀಮಿನಿಂದ ಡೋಸು ಹೆಚ್ಚಲಿಲ್ಲ, ಮೂರು ಮಿಲಿಮೀಟರ್‌ನಷ್ಟು ದಪ್ಪ ಮೆತ್ತಿದಾಗ ಮಾತ್ರ ಹೆಚ್ಚಿತು. ಆದರೂ ನಿಮ್ಮ ಆಸ್ಪತ್ರೆಯವರು ಒರೆಸಿಕೊಂಡು ಬನ್ನಿ ಎಂದರೆ ಒರೆಸಿಕೊಂಡು ಹೋಗಿ. ಅದಕ್ಕಾಗಿ ಜಗಳ ಬೇಡ.

ನಿಜವಾಗಿ ಕೆಲಸ ಮಾಡುವುದೆಂದು ಚೆನ್ನಾಗಿ ಸಾಬೀತಾದದ್ದು ಸ್ಟಿರಾಯ್ಡ್ ಮುಲಾಮು. ಮೊಮೆಟಾಸೋನ್ ಶೇ. 0.1ರ ಕ್ರೀಮನ್ನು ಚಿಕಿತ್ಸೆ ಶುರುವಾದಾಗಿನಿಂದ ಹಚ್ಚಿದರೆ ಉರಿ, ನವೆ, ತೀವ್ರ ಸುಲಿತ ಕಡಿಮೆಯಾಗುತ್ತವೆ. ‘ಸ್ಟಿರಾಯ್ಡ್’ ಎಂಬ ಹೆಸರಿಗೇ ಹೆದರಬೇಕಿಲ್ಲ. ಕೆಲವು ವಾರ, ತೆಳ್ಳಗೆ, ವೈದ್ಯರು ಹೇಳಿದಷ್ಟು. ಮುಖ ಬೆಳ್ಳಗಾಗಲೆಂದು ತಿಂಗಳುಗಟ್ಟಲೆ ಹಚ್ಚಿ ಚರ್ಮ ಕೆಡಿಸಿಕೊಳ್ಳುವ ಕಥೆಯೇ ಬೇರೆ. ಒಡೆದು ತೇವವಾದ ಜಾಗಕ್ಕೆ ಮಾತ್ರ ಅದನ್ನು ಹಚ್ಚಬಾರದು.

ಎರಡನೆಯದು ಚರ್ಮಕ್ಕೆ ಅಂಟಿಸುವ ತೆಳು ಸಿಲಿಕೋನ್ ಹಾಳೆ. ಪಾರದರ್ಶಕ, ಚರ್ಮದೊಡನೆ ಮಡಿಯುತ್ತದೆ, ಬಟ್ಟೆಯ ಉಜ್ಜಾಟ ತಪ್ಪಿಸುತ್ತದೆ. ದೊಡ್ಡ ಸ್ತನದ ಅಥವಾ ಸ್ತನ ತೆಗೆಸಿಕೊಂಡ ಒಟ್ಟು 376 ಮಂದಿಯ ಮೇಲೆ ಕೆನಡಾದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾಧಾರಣದಿಂದ ತೀವ್ರ ಮಟ್ಟದ ಚರ್ಮದ ತೊಂದರೆ ಶೇ. 45.6ರಿಂದ ಶೇ. 15.5ಕ್ಕೆ ಇಳಿಯಿತು. ಬೆಲೆ ಮಾತ್ರ ಕೈಗೆಟುಕುವಂಥದ್ದಲ್ಲ. ಎಲ್ಲ ಕಡೆ ಸಿಗುವುದೂ ಇಲ್ಲ. ಮೂರನೆಯದೊಂದು ಹೊಸ ಸುಳಿವು. ನಮ್ಮ ಮೂಗಿನಲ್ಲಿ, ಚರ್ಮದ ಮೇಲೆ ವಾಸಿಸುವ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ಈ ಸುಲಿತವನ್ನು ಹೆಚ್ಚಿಸುತ್ತದೆ ಎಂಬುದು. ನ್ಯೂಯಾರ್ಕಿನಲ್ಲಿ 77 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಕ್ಲೋರ್‌ಹೆಕ್ಸಿಡೀನ್ ದ್ರಾವಣದಲ್ಲಿ ಮೈ ತೊಳೆದು, ಮೂಗಿಗೆ ಮುಪಿರೋಸಿನ್ ಮುಲಾಮು ಹಚ್ಚಿದವರಲ್ಲಿ ಯಾರಿಗೂ ತೇವದ ಸುಲಿತ ಆಗಲಿಲ್ಲ. ಎರಡೂ ಅಗ್ಗದ ವಸ್ತುಗಳು. ಸಣ್ಣ ಪ್ರಯೋಗ ಎಂಬುದು ನಿಜ, ಆದರೆ ನಿಮ್ಮ ವೈದ್ಯರನ್ನು ಕೇಳಿ ನೋಡಲು ಅಡ್ಡಿಯಿಲ್ಲ.

ಇನ್ನು ಮನೆಮದ್ದು. ಮೈಗೆ ‘ಉಷ್ಣ’ವಾಗಿದೆ, ತಂಪು ಮಾಡಬೇಕು ಎಂಬ ನಮ್ಮ ನಂಬಿಕೆ ಇಲ್ಲಿ ಹೆಚ್ಚು ಓಡಾಡುತ್ತದೆ. ಎಳನೀರು, ಮಜ್ಜಿಗೆ, ರಾಗಿ ಅಂಬಲಿ ಕುಡಿಯಿರಿ, ಅದರಿಂದ ಕೆಡುಕಿಲ್ಲ. ಆದರೆ ಚರ್ಮ ಹೊಸದಾಗಿ ಹುಟ್ಟಲು ಬೇಕಾದದ್ದು ಪ್ರೊಟೀನು. ಮೊಟ್ಟೆ, ಬೇಳೆ, ಹುರುಳಿ, ಮೀನನ್ನು ಉಷ್ಣವೆಂದು ಬಿಡಿಸಿ ಬರೀ ಗಂಜಿಯಲ್ಲಿ ಇಡುವುದು ತಪ್ಪು.

ಲೋಳೆಸರದ ಬಗ್ಗೆ ಎಲ್ಲರಿಗೂ ಬಹಳ ವಿಶ್ವಾಸ. ಅಮೆರಿಕದಲ್ಲಿ 1996ರಲ್ಲಿ, ಆಸ್ಟ್ರೇಲಿಯಾದಲ್ಲಿ 2002ರಲ್ಲಿ ಬಂದ ಅಧ್ಯಯನಗಳೆರಡರಲ್ಲೂ ಅದರ ಜೆಲ್ ನಿರೀಕ್ಷೆ ಹುಸಿಮಾಡಿತು. ಎರಡನೆಯದರಲ್ಲಿ ಸಾದಾ ಕ್ರೀಮೇ ಅದಕ್ಕಿಂತ ಮೇಲೆನಿಸಿತು. ಅರಿಶಿನದ ಕಥೆ ಇನ್ನೂ ಸ್ವಾರಸ್ಯ. ಅದರ ಸಾರವಾದ ಕರ್ಕ್ಯುಮಿನ್ ಗುಳಿಗೆ ನುಂಗಿದ ಒಂದು ಚಿಕ್ಕ ಗುಂಪಿನಲ್ಲಿ ಲಾಭ ಕಂಡಿತ್ತು. 686 ಸ್ತನ ಕ್ಯಾನ್ಸರ್ ರೋಗಿಗಳ ದೊಡ್ಡ ಅಧ್ಯಯನ 2018ರಲ್ಲಿ ಬಂದಾಗ ಆ ಲಾಭ ಕಾಣಲಿಲ್ಲ. ಹಚ್ಚುವ ವಿಷಯಕ್ಕೆ ಬಂದರೆ ಮಂಗಳೂರಿನ ವೈದ್ಯರು ಗಂಧದೆಣ್ಣೆ ಮತ್ತು ಅರಿಶಿನವಿರುವ ಕ್ರೀಮಿನ ಮೇಲೆ ಕೆಲಸ ಮಾಡಿದ್ದಾರೆ. ಮೊದಲು ತಲೆ-ಕತ್ತಿನ ಕ್ಯಾನ್ಸರ್, ಆಮೇಲೆ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಪ್ರಯೋಜನ ಕಂಡದ್ದಾಗಿ ಬರೆದಿದ್ದಾರೆ. ಚಿಕ್ಕ ಅಧ್ಯಯನಗಳು, ಆದರೆ ನಮ್ಮ ಚರ್ಮದ ಮೇಲೆ ನಮ್ಮಲ್ಲೇ ನಡೆದವು. ಅದರ ಅರ್ಥ ಅಡುಗೆಮನೆಯ ಅರಿಶಿನಪುಡಿ ಕಲಸಿ ಮೆತ್ತಿ ಎಂದಲ್ಲ. ಒಣಗಿ ಅಂಟಿದ ಆ ಲೇಪ ತೆಗೆಯುವಾಗ ಚರ್ಮವೂ ಜೊತೆಗೇ ಬರುತ್ತದೆ. ಅಡಿಯಲ್ಲಿ ಕೀವಾಗಿದ್ದರೂ ಹಳದಿಯಲ್ಲಿ ತಿಳಿಯುವುದಿಲ್ಲ.

ಫ್ರಾನ್ಸಿನಲ್ಲಿ 2004ರ ಒಂದು ಅಧ್ಯಯನದಲ್ಲಿ ಕ್ಯಾಲೆಂಡುಲ ಮುಲಾಮು ಒಳ್ಳೆಯ ಫಲ ಕೊಟ್ಟಿತು. ಅದನ್ನೋದಿ ‘ಚೆಂಡುಹೂವು ಅರೆದು ಹಚ್ಚಿ’ ಎಂದು ಸಲಹೆ ಕೊಡುವವರಿದ್ದಾರೆ. ನಮ್ಮ ಆಯುಧಪೂಜೆಯ ಚೆಂಡುಹೂವು ಬೇರೆಯೇ ಗಿಡ. ಕೊಬ್ಬರಿ ಎಣ್ಣೆಯನ್ನು ಒಡೆಯದ ಚರ್ಮಕ್ಕೆ ತೆಳ್ಳಗೆ ಸವರಿದರೆ ಹಾನಿಯಿಲ್ಲ ಎನ್ನಬಹುದು. ಬೆಣ್ಣೆ, ಸುಣ್ಣ, ಟೂತ್‌ಪೇಸ್ಟ್, ವಿಭೂತಿ, ನೋವಿನ ಬಾಮು ಯಾವುದೂ ಕೂಡದು. ಮಂಜುಗಡ್ಡೆ ನೇರವಾಗಿ ಇಡಬೇಡಿ, ಬಿಸಿನೀರಿನ ಚೀಲವನ್ನೂ ಇಡಬೇಡಿ. ಆ ಚರ್ಮಕ್ಕೆ ಬಿಸಿ ತಣ್ಣಗಿನ ಅಂದಾಜು ತಪ್ಪಿರುತ್ತದೆ.

ಬ್ಲೌಸು, ಸರ, ಬ್ಯಾಗು

ಮುಲಾಮಿಗಿಂತ ಹೆಚ್ಚು ಕೆಲಸ ಮಾಡುವುದು ಕೆಲವೊಮ್ಮೆ ಬಟ್ಟೆ. ಬಿಗಿ ಬ್ಲೌಸಿನ ಕೆಳಪಟ್ಟಿ ಸರಿಯಾಗಿ ಸ್ತನದ ಕೆಳಮಡಿಕೆಯ ಮೇಲೇ ಕೂರುತ್ತದೆ, ತೋಳಿನ ಹೊಲಿಗೆ ಕಂಕುಳಿಗೆ. ತಂತಿಯ ಬ್ರಾ ಅಂತೂ ಇನ್ನೂ ಕೆಟ್ಟದು. ಗಂಡಸರ ಮೆತ್ತನೆಯ ಹತ್ತಿ ಬನಿಯನ್ನನ್ನು ಹೊಲಿಗೆ ಹೊರಗೆ ಬರುವಂತೆ ತಿರುವಿ ಹಾಕಿಕೊಂಡು ಮೇಲೆ ಸಡಿಲ ನೈಟಿ ತೊಟ್ಟರೆ ಮನೆಯಲ್ಲಿ ಅದಕ್ಕಿಂತ ಹಿತವಾದ ಉಡುಪಿಲ್ಲ. ಎದೆ ಜೋತು ಮಡಿಕೆ ಉಜ್ಜುತ್ತದೆ ಎನ್ನುವವರು ಅಡಿಯಲ್ಲಿ ತೊಳೆದ ಹಳೆ ಪಂಚೆಯ ಮಡಿಸಿದ ತುಂಡಿಡಬಹುದು. ಬೆವರಿದಾಗಲೆಲ್ಲ ಬದಲಿಸಬೇಕು ಅಷ್ಟೆ. ಹೊರಗೆ ಹೋಗಲೇಬೇಕಾದರೆ ಮುಂದೆ ಗುಂಡಿಯಿರುವ ದೊಗಳೆ ಹತ್ತಿ ಕುರ್ತಾ. ಗಂಜಿ ಹಾಕಿದ ಸೀರೆಯ ಸೆರಗು ಆ ಭುಜದ ಮೇಲೆ ಬೇಡ.

ತಾಳಿ ತೆಗೆಯಲು ಬಹಳ ಮಂದಿ ಒಪ್ಪುವುದಿಲ್ಲ. ಒತ್ತಾಯಿಸುವುದೂ ಬೇಡ. ಕರಿಮಣಿ ಸರದ ಬದಲು ಮೆತ್ತನೆಯ ದಾರಕ್ಕೆ ಪೋಣಿಸಿ, ಚಿಕಿತ್ಸೆ ಇಲ್ಲದ ಬದಿಗೆ ಬನಿಯನ್ನಿಗೆ ಸಿಕ್ಕಿಸಿಟ್ಟುಕೊಂಡರೆ ಉಜ್ಜುವುದು ತಪ್ಪುತ್ತದೆ. ಕಿರಣ ಕೊಡುವ ಮೇಜಿನ ಮೇಲೆ ಮಾತ್ರ ಅದು ಕಿರಣದ ದಾರಿಯಲ್ಲಿ ಇರಬಾರದು. ಕಾರಿನ ಸೀಟ್ ಬೆಲ್ಟಿನಡಿ ಚಿಕ್ಕ ದಿಂಬು ಇಟ್ಟುಕೊಳ್ಳಿ. ಬ್ಯಾಗು ಇನ್ನೊಂದು ಭುಜಕ್ಕೆ. ರಾತ್ರಿ ಆ ಬದಿಯ ತೋಳನ್ನು ದಿಂಬಿನ ಮೇಲೆ ಚಾಚಿ ಮಲಗಿದರೆ ಕಂಕುಳಿಗೆ ಗಾಳಿಯಾಡುತ್ತದೆ. ನೋವೆಂದು ತೋಳನ್ನು ಮೈಗೆ ಅಂಟಿಸಿಕೊಂಡೇ ಇದ್ದರೆ ಭುಜ ಹಿಡಿದುಕೊಳ್ಳುತ್ತದೆ, ಆಸ್ಪತ್ರೆಯಲ್ಲಿ ಹೇಳಿಕೊಟ್ಟ ತೋಳಿನ ವ್ಯಾಯಾಮ ಬಿಡಬೇಡಿ.

ಸುಲಿದು ತೇವವಾದಾಗ

ತಿಳಿ ಹಳದಿ ನೀರು ಜಿನುಗುವ, ಮುಟ್ಟಿದರೆ ಜುಮ್ಮೆನ್ನುವ ಕೆಂಪು ಮೈ ಕಂಡರೆ ಹಿಂದಿನ ಕ್ರೀಮುಗಳೆಲ್ಲ ಆ ಜಾಗದ ಮಟ್ಟಿಗೆ ನಿಲ್ಲಬೇಕು. ಈಗ ಬೇಕಾದದ್ದು ಡ್ರೆಸ್ಸಿಂಗ್. ಗಾಯ ಒಣಗಲಿ ಎಂದು ಗಾಳಿಗೆ ಬಿಡುವುದು ನಮ್ಮಲ್ಲಿ ರೂಢಿ. ಆದರೆ ಹೊಸ ಕೋಶಗಳು ತೇವದ ಮೇಲೆ ಬೇಗ ಹರಡುತ್ತವೆ, ಒಣಗಿ ಹಕ್ಕಳೆ ಕಟ್ಟಿದರೆ ನಿಧಾನ.

ಮೆಡಿಕಲ್ ಶಾಪಿನಲ್ಲಿ ನಾರ್ಮಲ್ ಸಲೈನ್ ಬಾಟಲಿ ಸಿಗುತ್ತದೆ. ಕೈ ತೊಳೆದು, ಅದನ್ನು ಗಾಯದ ಮೇಲೆ ಮೆಲ್ಲಗೆ ಹರಿಸಿ. ಹತ್ತಿಯಿಂದ ಉಜ್ಜಬೇಡಿ, ಎಳೆ ಉಳಿಯುತ್ತದೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಡೆಟ್ಟಾಲ್ ಹೊಸ ಕೋಶಗಳನ್ನೂ ಕೊಲ್ಲುತ್ತವೆ. ಮೇಲೆ ಅಂಟದ ಡ್ರೆಸ್ಸಿಂಗ್: ಸಿಲಿಕೋನ್ ಫೋಮ್ ಸಿಕ್ಕರೆ ಅದು, ಇಲ್ಲವಾದರೆ ಪ್ಯಾರಾಫಿನ್ ಗಾಜ್. ಅದರ ಮೇಲೆ ಸ್ವಚ್ಛ ಗಾಜ್‌ನ ಪದರ. ಅಂಟು ಪ್ಲಾಸ್ಟರನ್ನು ಚಿಕಿತ್ಸೆಯಾದ ಚರ್ಮಕ್ಕೆ ಎಂದೂ ಹಾಕಬಾರದು, ಕೀಳುವಾಗ ಪಟ್ಟಿಯ ಉದ್ದಕ್ಕೂ ಚರ್ಮ ಎದ್ದುಬರುತ್ತದೆ. ಬನಿಯನ್ನೇ ಡ್ರೆಸ್ಸಿಂಗನ್ನು ಹಿಡಿದಿಡಲಿ. ಬದಲಿಸುವಾಗ ಗಾಜ್ ಅಂಟಿಕೊಂಡಿದ್ದರೆ ಎಳೆಯಬೇಡಿ. ಸಲೈನ್ ಸುರಿದು ಐದು ಹತ್ತು ನಿಮಿಷ ಬಿಡಿ, ತಾನೇ ಸಡಿಲಾಗುತ್ತದೆ. ಡ್ರೆಸ್ಸಿಂಗಿಗೆ ಅರ್ಧ ಗಂಟೆ ಮುಂಚೆ ಒಂದು ಪ್ಯಾರಾಸಿಟಮಾಲ್ ನುಂಗಿದರೆ ನೋವು ತಡೆಯಲು ಸಾಧ್ಯ. ಸಿಲ್ವರ್ ಸಲ್ಫಾಡಯಜೀನ್ ಎಂಬ ಬಿಳಿ ಮುಲಾಮನ್ನು ನಮ್ಮಲ್ಲಿ ಬಹಳ ಬರೆಯುತ್ತಾರೆ. ಸಲ್ಫಾ ಔಷಧಿ ಆಗದವರು ಅದನ್ನು ಮೊದಲೇ ಹೇಳಬೇಕು. ಚಿಕಿತ್ಸೆ ಇನ್ನೂ ನಡೆಯುತ್ತಿದ್ದರೆ ಕಿರಣಕ್ಕೆ ಮೊದಲು ಅದನ್ನು ಪೂರ್ತಿ ತೊಳೆದುಕೊಂಡು ಹೋಗಬೇಕು.

ಇಷ್ಟನ್ನು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಮಾಡಿಕೊಡಬಲ್ಲರು. ‘ಇದು ರೇಡಿಯೇಷನ್ ಗಾಯ, ಅಂಟು ಪಟ್ಟಿ ಬೇಡ, ಸ್ಪಿರಿಟ್ ಬೇಡ’ ಎಂದು ನೀವು ಮೊದಲೇ ಹೇಳಬೇಕು ಅಷ್ಟೇ.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಹಸಿರು ಕೀವು, ಕೆಟ್ಟ ವಾಸನೆ ಬಂದರೆ, ಚಿಕಿತ್ಸೆಯಾದ ಗೆರೆ ದಾಟಿ ಆಚೆಗೂ ಚರ್ಮ ಬಿಸಿಯಾಗಿ ಊದುತ್ತಿದ್ದರೆ, ರಕ್ತ ಒಸರುತ್ತಿದ್ದರೆ, ಗಾಯದ ತಳ ಕಪ್ಪಾಗಿ ಗುಳಿ ಬಿದ್ದರೆ ಮನೆಯಲ್ಲಿ ಕಾಯಬೇಡಿ. ಸಕ್ಕರೆ ಕಾಯಿಲೆಯವರು ಒಂದು ದಿನವೂ ತಡಮಾಡಬಾರದು. ಕೊನೆಯ ದಿನದಿಂದ ಎರಡು ವಾರ ದಾಟಿದ ಮೇಲೂ ಗಾಯ ದೊಡ್ಡದಾಗುತ್ತಲೇ ಇದ್ದರೆ ಅದನ್ನೂ ತೋರಿಸಬೇಕು, ಆ ಹೊತ್ತಿಗೆ ಅದು ಇಳಿಮುಖವಾಗಿರಬೇಕಾಗಿತ್ತು.

ಚಿಕಿತ್ಸೆಯ ನಡುವೆಯೇ ಚರ್ಮ ಒಡೆದರೆ ಹೆದರಿ ನೀವಾಗಿ ನಾಲ್ಕು ದಿನ ತಪ್ಪಿಸಿಕೊಳ್ಳಬೇಡಿ. ನಡುವೆ ಬಿಟ್ಟ ದಿನಗಳಲ್ಲಿ ಕ್ಯಾನ್ಸರ್ ಕೋಶಗಳಿಗೂ ಚೇತರಿಸಿಕೊಳ್ಳಲು ಸಮಯ ಸಿಗುತ್ತದೆ. ಬಿಡುವು ಬೇಕೋ ಬೇಡವೋ ಎಂಬುದು ವೈದ್ಯರ ತೀರ್ಮಾನ. ಗಾಯವನ್ನು ಸೆರಗಿನಡಿ ಮುಚ್ಚಿಟ್ಟುಕೊಂಡು ‘ಚೆನ್ನಾಗಿದೀನಿ’ ಎನ್ನುವ ನಮ್ಮ ಹೆಣ್ಣುಮಕ್ಕಳ ಸಂಕೋಚ ಇಲ್ಲಿ ಅಡ್ಡ ಬರುತ್ತದೆ. ಪ್ರತಿ ವಾರ ನೋಡುವಾಗ ಕೆಳಮಡಿಕೆ ಎತ್ತಿ ತೋರಿಸಿ. ಮಹಿಳಾ ಸಿಬ್ಬಂದಿಯೇ ನೋಡಲಿ ಎಂದು ಕೇಳುವುದು ನಿಮ್ಮ ಹಕ್ಕು.

ಚರ್ಮ ಮುಚ್ಚಿದ ಮೇಲೆ

ಮುಚ್ಚಿದ ಚರ್ಮ ಕೆಲವು ತಿಂಗಳು ಒಣಗಿ, ತೆಳುವಾಗಿ ಇರುತ್ತದೆ, ಅಲ್ಲಿ ಬೆವರೂ ಕಡಿಮೆ. ಕ್ರೀಮು ಮುಂದುವರಿಯಲಿ. ಕತ್ತಿನ ಬುಡ, ಎದೆಯ ಮೇಲ್ಭಾಗಕ್ಕೆ ಕನಿಷ್ಠ ಒಂದು ವರ್ಷ ನೇರ ಬಿಸಿಲು ಬೀಳಬಾರದು. ಹೊಲ ತೋಟಕ್ಕೆ ಹೋಗುವವರು ಕತ್ತು ಮುಚ್ಚುವ ಬಟ್ಟೆ ಹೊದ್ದೇ ಹೋಗಿ. ಒಂದೆರಡು ವರ್ಷದ ಮೇಲೆ ಕೆಲವರಿಗೆ ಸ್ತನ ಗಟ್ಟಿಯಾಗುವುದು, ಚರ್ಮದ ಮೇಲೆ ಜೇಡರ ಬಲೆಯ ಹಾಗೆ ಸಣ್ಣ ರಕ್ತನಾಳಗಳು ಕಾಣುವುದು ಉಂಟು. ಗಟ್ಟಿಯಾಗುವುದಕ್ಕೆ ಮಾಲೀಶು, ವ್ಯಾಯಾಮ, ಕೆಲವೊಮ್ಮೆ ಔಷಧಿ ಇದೆ.

ಇನ್ನೊಂದು ವಿಚಿತ್ರವೂ ಇದೆ. ಗಾಯ ಮಾಯವಾಗಿ ತಿಂಗಳುಗಳಾದ ಮೇಲೆ ಡಾಕ್ಸೊರುಬಿಸಿನ್, ಡೊಸಿಟ್ಯಾಕ್ಸೆಲ್, ಜೆಮ್ಸಿಟಾಬಿನ್‌ನಂಥ ಕೀಮೋಥೆರಪಿ ಔಷಧಿ ಕೊಟ್ಟಾಗ, ಹಿಂದೆ ಕಿರಣ ಬಿದ್ದ ಅದೇ ಜಾಗ ಅದೇ ಅಂಚಿನೊಳಗೆ ಮತ್ತೆ ಉರಿದು ಕೆಂಪಾಗಬಹುದು. ಹೊಸ ವೈದ್ಯರ ಹತ್ತಿರ ಹೋದಾಗ ಯಾವ ಬದಿಗೆ, ಯಾವ ವರ್ಷ, ಎಷ್ಟು ಗ್ರೇ ಕೊಟ್ಟಿದ್ದರು ಎಂಬ ಕಾಗದ ಕೈಯಲ್ಲಿರಲಿ. ವರ್ಷಗಳ ನಂತರ ಆ ಜಾಗದಲ್ಲಿ ಪೆಟ್ಟಾಗದೆಯೂ ರಕ್ತ ಹೆಪ್ಪುಗಟ್ಟಿದಂಥ ನೇರಳೆ ಮಚ್ಚೆ ಎದ್ದರೆ ತಡಮಾಡದೆ ತೋರಿಸಿ. ಬಹಳ ಅಪರೂಪ, ಆದರೆ ಬಿಡುವಂಥದ್ದಲ್ಲ.

ಆ ಕಾಗದವನ್ನು ಕೇಳಿ ತೆಗೆದುಕೊಳ್ಳಬೇಕಾದದ್ದು ಚಿಕಿತ್ಸೆಯ ಕೊನೆಯ ದಿನ. ಅದೇ ದಿನ ಇನ್ನೆರಡನ್ನೂ ಕೇಳಿ: ಚರ್ಮ ಒಡೆದರೆ ಫೋನು ಮಾಡಲು, ಫೋಟೊ ಕಳಿಸಲು ಒಂದು ನಂಬರು, ಮತ್ತು ತೋರಿಸಲು ಹತ್ತು ದಿನದೊಳಗಿನ ಒಂದು ತಾರೀಕು. ಮೂರು ತಿಂಗಳ ಮೇಲೆ ಬನ್ನಿ ಎಂದು ಚೀಟಿ ಬರೆದರೆ, ‘ನಡುವೆ ಒಮ್ಮೆ ಚರ್ಮ ನೋಡಿ ಡಾಕ್ಟ್ರೇ’ ಎಂದು ಅಲ್ಲೇ ಕೇಳಿ. ಸಲೈನ್ ಬಾಟಲಿ, ನಾಲ್ಕು ಪ್ಯಾರಾಫಿನ್ ಗಾಜ್ ಊರಿನ ಅಂಗಡಿಯಲ್ಲಿ ಸಿಗದೇ ಇರಬಹುದು, ಬಸ್ಸು ಹತ್ತುವ ಮುಂಚೆಯೇ ಕೊಂಡಿಟ್ಟುಕೊಳ್ಳಿ.